ಸಾವಿರ ಲಿಂಗದ ಹೊಳೆಯಲ್ಲಿ

ಇಂಥ ಕಥೆ ಹೇಳುವವರನ್ನು ನಾನು ಮುಲಾಜಿಲ್ಲದೆ ಆಡಿಕೊಂಡವಳು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತುಮಕೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವುದು ನನ್ನ ಕೆಲಸ. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಯಾರಾದರೂ ಹೆಬ್ಬೂರಿನ ದಾರಿಯಲ್ಲಿ ಬೈಕಿಗೆ ಅಡ್ಡ ಬಂದ ಬಿಳಿ ಸೀರೆಯ ಸುದ್ದಿ ತೆಗೆದರೆ, "ಆ ಸೀರೆಗೆ ಇಸ್ತ್ರಿ ಆಗಿತ್ತಾ?" ಎಂದು ಕೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಹೇಳಿದವರ ಮುಖ ಸಪ್ಪಗಾಗುತ್ತಿತ್ತು. ಈಗ ಅಂಥ ಮಾತು ಬಂದರೆ ನಾನು ತಲೆ ತಗ್ಗಿಸಿ ಮುದ್ದೆ ನುಂಗುತ್ತೇನೆ. ಬಾಯಿ ಬಿಟ್ಟರೆ ನನ್ನದನ್ನು ಹೇಳಬೇಕಾಗುತ್ತದೆ. ಹೇಳಿದರೆ ಯಾರಾದರೊಬ್ಬರು ನನ್ನದೇ ಧಾಟಿಯಲ್ಲಿ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಇಲ್ಲಿ ಬರೆಯುತ್ತಿರುವುದು ಯಾರನ್ನೂ ನಂಬಿಸಲಿಕ್ಕಲ್ಲ. ನಡೆದದ್ದನ್ನು ನಡೆದ ಹಾಗೆ ಒಮ್ಮೆ ಹೊರಗೆ ಹಾಕದಿದ್ದರೆ ನನಗೇ ಸಮಾಧಾನವಿಲ್ಲ.

ನಮ್ಮದು ಸದಾಶಿವನಗರದಲ್ಲಿ ಮನೆ. ನಾನು, ನಮ್ಮ ಯಜಮಾನರು, ನರ್ಸಿಂಗ್ ಓದುತ್ತಿರುವ ಮಗಳು ಸ್ಫೂರ್ತಿ, ಮತ್ತು ನಮ್ಮ ಅತ್ತೆ. ಅತ್ತೆಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆಯಿದೆ. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದುಕೊಂಡು, ವಾರಕ್ಕೊಮ್ಮೆ ಗುಬ್ಬಿ ಕಡೆಯ ತೋಟಕ್ಕೆ ಹೋಗಿ ಆಳುಗಳ ಮೇಲೆ ಕೂಗಾಡಿ ಬರುತ್ತಾರೆ. ಅದು ಅವರಿಗೆ ಮಾತ್ರೆಗಿಂತ ಒಳ್ಳೆಯ ಔಷಧಿ.

ನಮ್ಮವರಲ್ಲಿ ಮಗುವಿಗೇ ಲಿಂಗ ಕಟ್ಟುತ್ತಾರೆ. ಅದು ಬದುಕಿರುವಷ್ಟು ದಿನ ಮೈಮೇಲಿದ್ದು, ಕೊನೆಗೆ ಆ ಮನುಷ್ಯನ ಜೊತೆಗೇ ಮಣ್ಣಿಗೆ ಹೋಗುತ್ತದೆ. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಅತ್ತೆಯ ಲಿಂಗ ಕುಣಿಗಲ್ ಹತ್ತಿರದ ಅವರ ತವರಿನಲ್ಲಿ ಅಯ್ಯನವರು ಕಟ್ಟಿದ್ದು. ನೆಲ್ಲಿಕಾಯಿಯಷ್ಟು ಚಿಕ್ಕದು, ಕಪ್ಪಗೆ ನುಣುಪಾಗಿತ್ತು. ದಿನಾ ಬೆಳಗ್ಗೆ ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು ವಿಭೂತಿ ಹಚ್ಚಿ, ಪತ್ರೆ ಏರಿಸಿ ಪೂಜೆ ಮುಗಿಸುವ ತನಕ ಅತ್ತೆ ಬಾಯಿಗೆ ಹನಿ ನೀರು ಹಾಕುವವರಲ್ಲ. ನನ್ನ ಲಿಂಗ ಮದುವೆಯಾದ ವರ್ಷದಿಂದ ಬೀರುವಿನಲ್ಲಿದೆ. ಅದಕ್ಕಾಗಿ ಅವರು ನನಗೆ ಎಂದೂ ಏನೂ ಅಂದಿಲ್ಲ. "ಮೇಷ್ಟ್ರಮ್ಮನ ದೇವ್ರು ಪುಸ್ತಕದಾಗೆ ಅವ್ನೆ ಬುಡು" ಎಂದು ತಮಾಷೆ ಮಾಡುತ್ತಾರೆ, ಅಷ್ಟೆ.

ಮಾವನ ಲಿಂಗದ ವಿಷಯವನ್ನೂ ಇಲ್ಲೇ ಹೇಳಬೇಕು. ಅದು ಅತ್ತೆಯದಕ್ಕಿಂತ ದೊಡ್ಡದು. ಒಮ್ಮೆ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಮಾವ ಮುಗ್ಗರಿಸಿ ಬಿದ್ದು, ಲಿಂಗವಿಡುವ ಬೆಳ್ಳಿಯ ಕರಡಿಗೆ ಮೆಟ್ಟಿಲಿಗೆ ಬಡಿದು ನೆಗ್ಗಿತು. ಒಳಗಿನ ಲಿಂಗದ ಬುಡದಲ್ಲಿ ಉಗುರಿನಾಕಾರದ ಒಂದು ಚೂರು ಹಾರಿಹೋಯಿತು. ಅಲ್ಲಿಗೆ ಅರಗು ತುಂಬಿಸಿ ಸರಿಮಾಡಿಸಿದ್ದರು. ಹಾಗಾಗಿ ಕಪ್ಪು ಲಿಂಗದಲ್ಲಿ ಕೆಂಪಗೆ ಒಂದು ಗೆರೆ ಬಾಗಿಕೊಂಡಿತ್ತು. ಅದೇ ವರ್ಷ ಮಾವ ಮುಂದಿನ ಹಲ್ಲನ್ನೂ ಕಟ್ಟಿಸಿಕೊಂಡಿದ್ದರು. "ನಂಗೂ ಹಲ್ ಕಟ್ಟಿಸ್ದೆ, ಶಿವುಂಗೂ ಹಲ್ ಕಟ್ಟಿಸ್ದೆ ಕಣಮ್ಮ" ಎಂದು ಅದನ್ನು ನನ್ನ ಕಣ್ಣ ಹತ್ತಿರ ಹಿಡಿದು ತೋರಿಸಿ ನಕ್ಕಿದ್ದರು.

ಅತ್ತೆಗೆ ಸಿಟ್ಟು ಬಂದರೆ ಜಗಳವಾಡುವುದಿಲ್ಲ, ಊಟ ಬಿಡುತ್ತಾರೆ. ಮಗ ಕರೆದರೂ ಇಲ್ಲ, ಮೊಮ್ಮಗಳು ಕರೆದರೂ ಇಲ್ಲ. ಮಾವ ಮಾತ್ರ ಏನೂ ಹೇಳದೆ ಒಂದು ಚೊಂಬು ನೀರು ತಂದು ಅವರ ಮುಂದಿಟ್ಟು, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅತ್ತೆ ಗೊಣಗುತ್ತಾ ಚೊಂಬೆತ್ತಿ ಕುಡಿಯುತ್ತಿದ್ದರು. ಅಲ್ಲಿಗೆ ಸಿಟ್ಟು ಮುಗಿಯುತ್ತಿತ್ತು.

ಮಾವ ಹೋದಾಗ ತೋಟದಲ್ಲೇ ಸಮಾಧಿ ಮಾಡಿದೆವು. ಗುಂಡಿಯೊಳಗೆ ಕೂರಿಸಿದ ಮೇಲೆ, ಅಯ್ಯನವರು ಹೇಳಿದಂತೆ ನಮ್ಮ ಯಜಮಾನರು ಕರಡಿಗೆಯಿಂದ ಲಿಂಗ ತೆಗೆದು ಮಾವನ ಎಡ ಅಂಗೈಯಲ್ಲಿಟ್ಟರು. ಬೆರಳುಗಳನ್ನು ಅದರ ಮೇಲೆ ಮಡಿಸಿ ಬಟ್ಟೆ ಸುತ್ತಿದರು. ನಾನು ಗುಂಡಿಯ ಅಂಚಿನಲ್ಲೇ ನಿಂತಿದ್ದೆ. ಬೆರಳು ಮುಚ್ಚುವ ಮೊದಲು ಆ ಕೆಂಪು ಗೆರೆ ಕಂಡು, ಹಲ್ಲಿನ ಮಾತು ನೆನಪಾಗಿ, ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಆಮೇಲೆ ವಿಭೂತಿ, ಪತ್ರೆ, ಉಪ್ಪು, ಮಣ್ಣು. ಖಾಲಿ ಕರಡಿಗೆಯನ್ನು ಅತ್ತೆ ಸೆರಗಿನಲ್ಲಿ ಕಟ್ಟಿಕೊಂಡು ಬಂದು ತಮ್ಮ ಟ್ರಂಕಿನಲ್ಲಿಟ್ಟರು.

ಇದಾಗಿ ಕೆಲವು ವರ್ಷಗಳ ಮೇಲೆ ಯಜಮಾನರಿಗೆ ವಿದೇಶ ಪ್ರವಾಸದ ಹುಚ್ಚು ಹತ್ತಿತು. ಸ್ಫೂರ್ತಿ ಸಿಂಗಾಪುರ ಅಂದಳು. ಅವರು ಕಾಂಬೋಡಿಯಾ ಎಂದು ಹಟ ಹಿಡಿದರು. ಅಲ್ಲಿ ಒಂದು ಬೆಟ್ಟದ ಮೇಲೆ ಹರಿಯುವ ಹೊಳೆಯ ತಳದ ಬಂಡೆಯಲ್ಲಿ ಹಿಂದಿನ ಕಾಲದವರು ಸಾವಿರ ಲಿಂಗ ಕೆತ್ತಿದ್ದಾರೆ, ಯಾರೂ ಅಭಿಷೇಕ ಮಾಡಬೇಕಾಗಿಲ್ಲ, ಹೊಳೆಯೇ ಮಾಡುತ್ತಿರುತ್ತದೆ ಎಂದು ಯಾವುದೋ ವಿಡಿಯೊದಲ್ಲಿ ನೋಡಿದ್ದರು. "ಅವ್ವಂಗೆ ಅದೊಂದ್ ತೋರಿಸ್ಬಿಡ್ಬೇಕು ಕಣೇ" ಎನ್ನುವುದೇ ಅವರ ಜಪವಾಗಿತ್ತು.

ಹೊರಡುವ ಹಿಂದಿನ ದಿನ ಒಂದು ಎಡವಟ್ಟು ಮಾಡಿದೆವು. ಏರ್‌ಪೋರ್ಟಿನಲ್ಲಿ ಬೆಳ್ಳಿ ಕಂಡರೆ ಮಿಷನ್ನು ಕೂಗುತ್ತದೆ, ಕರಡಿಗೆ ಬಿಚ್ಚಿಸಿ ನೋಡುತ್ತಾರೆ ಎಂದು ಯಜಮಾನರಿಗೆ ಯಾರೋ ಹೇಳಿದ್ದರು. "ಕಂಡಕಂಡೋರೆಲ್ಲ ಲಿಂಗ ಮುಟ್ತಾರೆ ನೋಡವ್ವ. ಕರಡಿಗೆ ಮನೇಲಿಡು, ಬಟ್ಟೇಲಿ ಕಟ್ಕೊ" ಅಂದರು. ಬೇರೆಯವರು ಮುಟ್ಟುತ್ತಾರೆ ಎಂಬ ಮಾತು ಅತ್ತೆಗೆ ನಾಟಿತು. ಕರಡಿಗೆಯನ್ನು ದೇವರ ಮನೆಯಲ್ಲಿಟ್ಟು, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಶಿವದಾರದಿಂದ ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡರು. ಹುಟ್ಟಿದಾಗಿನಿಂದ ಕರಡಿಗೆಗೆ ಒಗ್ಗಿದ್ದ ಅವರ ಕೈ ಪ್ರವಾಸದುದ್ದಕ್ಕೂ ಆ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಲೇ ಇತ್ತು.

ಹೊಳೆ ನೋಡಲು ಹೋಗುವ ದಿನ ಬೆಳಗ್ಗೆ ಹೋಟೆಲಿನಲ್ಲಿ ಅತ್ತೆಯ ಪೂಜೆ ಮುಗಿದ ಮೇಲೆ, ತಿಂಡಿ ತಿಂದು, ವ್ಯಾನಿನಲ್ಲಿ ಬೆಟ್ಟಕ್ಕೆ ಹೊರಟೆವು. ಜೊತೆಗೆ ಇಂಗ್ಲಿಷು ಬಲ್ಲ ಅಲ್ಲಿಯ ಗೈಡ್ ಒಬ್ಬ ಇದ್ದ. ಬೆಟ್ಟದ ರಸ್ತೆ ಕಿರಿದು, ಮಧ್ಯಾಹ್ನದ ತನಕ ಹತ್ತುವ ಗಾಡಿ, ಆಮೇಲೆ ಇಳಿಯುವ ಗಾಡಿ ಎಂದು ವಿವರಿಸಿದ. ಅತ್ತೆ ಕಿಟಕಿಯಾಚೆ ನೋಡುತ್ತಾ, "ಇಲ್ಲೂ ಬಾಳೆ, ಇಲ್ಲೂ ಹಲಸು. ಇಷ್ಟ್ ದೂರ ಬಂದಿದ್ದು ಯಾಕ್ಲಾ?" ಎಂದು ಮಗನನ್ನು ಕೆಣಕಿದರು.

ಹೊಳೆ ಕಂಡ ಮೇಲೆ ಮಾತ್ರ ಅವರ ಮಾತು ನಿಂತಿತು. ನೀರು ಮೊಣಕಾಲಿಗೂ ಬರದಷ್ಟು, ತಿಳಿಯಾಗಿತ್ತು. ಅದರಡಿಯಲ್ಲಿ ಸಾಲು ಸಾಲಾಗಿ, ಹೊಲದ ಸಾಲಿನ ಹಾಗೆ, ಲಿಂಗಗಳು. ನನಗೂ ಮೈ ಜುಮ್ಮೆಂದಿತು ಎಂದು ಒಪ್ಪಿಕೊಳ್ಳುತ್ತೇನೆ. ಅತ್ತೆ ಸೀರೆ ಎತ್ತಿ ಸಿಕ್ಕಿಸಿಕೊಂಡು ನೀರಿಗೆ ಇಳಿದರು. ನಾನು ತೋಳು ಹಿಡಿದುಕೊಂಡೆ. ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ತಲೆಗೆ ಹಾಕಿಕೊಂಡರು, ಮತ್ತೆ ಬಗ್ಗಿದರು, ಮತ್ತೆ ಹಾಕಿಕೊಂಡರು. ದಡಕ್ಕೆ ಬಂದ ಮೇಲೆ ಅಭ್ಯಾಸದಂತೆ ಕೈ ಎದೆಗೆ ಹೋಯಿತು. ಗಂಟು ಬಿಚ್ಚಿಕೊಂಡು ಒದ್ದೆ ಬಟ್ಟೆ ದಾರಕ್ಕೆ ಜೋತುಬಿದ್ದಿತ್ತು. ಒಳಗೆ ಏನೂ ಇರಲಿಲ್ಲ.

ಅತ್ತೆ ಕಿರುಚಲಿಲ್ಲ. ಬಟ್ಟೆಯನ್ನು ಅಂಗೈಯಲ್ಲಿ ಬಿಡಿಸಿ, ಮಗುಚಿ, ಮತ್ತೆ ಬಿಡಿಸಿ ನೋಡಿದರು. ಆಮೇಲೆ ದಡದ ಬಂಡೆಯ ಮೇಲೆ ಕೂತುಬಿಟ್ಟರು. ನಾವು ಮೂವರೂ ಗೈಡೂ ನೀರಿಗಿಳಿದೆವು. ಕೆತ್ತಿದ ಲಿಂಗಗಳ ಸಂದುಸಂದಿಗೂ ಬೆರಳು ಹಾಕಿ, ಮರಳು ಬಾಚಿ, ತರಗೆಲೆ ಎತ್ತಿ ಹುಡುಕಿದೆವು. ಅಲ್ಲಿ ಕಲ್ಲೆಂಬ ಕಲ್ಲೆಲ್ಲ ಲಿಂಗದಾಕಾರವೇ. ಸ್ಫೂರ್ತಿ ಎರಡು ಸಲ "ಸಿಕ್ತು" ಎಂದು ಬರಿಯ ಕಲ್ಲು ಹಿಡಿದುಕೊಂಡು ಬಂದಳು. ಅತ್ತೆ ನೋಡಿ ಅಲ್ಲವೆಂದು ತಲೆಯಾಡಿಸಿದರು.

ಬಿಸಿಲು ಏರಿತು. ಸ್ಫೂರ್ತಿ ನೀರಿನ ಬಾಟಲಿ ತಂದು, "ಅಜ್ಜಿ, ಕುಡಿ. ಶುಗರ್ ಮಾತ್ರೆ ತಗೊಂಡಿದೀಯ, ಹಿಂಗೆ ಇರ್ಬಾರ್ದು" ಅಂದಳು.

"ಲಿಂಗ ಇಲ್ದ ಮೈಗೆ ನೀರು ಯಾಕವ್ವ" ಎಂದರು ಅತ್ತೆ. ಅದರಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಲಿಂಗ ಕಳೆದುಕೊಂಡವರು ಅನ್ನ ನೀರು ಬಿಟ್ಟು ಪ್ರಾಣ ಕಳೆದುಕೊಂಡ ಕಥೆಗಳನ್ನು ಅವರು ಚಿಕ್ಕಂದಿನಿಂದ ಕೇಳಿ ಬೆಳೆದವರು. ನಾನು ಅವನ್ನು ಕಥೆಯೆಂದೇ ಕೇಳಿದ್ದೆ, ಅತ್ತೆ ಹಾಗೆ ಕೇಳಿರಲಿಲ್ಲ.

ಯಜಮಾನರು ಕುಣಿಗಲ್ ಕಡೆಯ ಈಗಿನ ಅಯ್ಯನವರಿಗೆ ವಾಟ್ಸಾಪಿನಲ್ಲಿ ಕರೆ ಮಾಡಿ ಫೋನನ್ನು ಅತ್ತೆಯ ಕಿವಿಗೆ ಹಿಡಿದರು. "ಮನಸ್ನಲ್ಲೇ ಪೂಜೆ ಮಾಡ್ಕಂಡು ಊಟ ಮಾಡಿ ಅಮ್ಮ, ಬಂದ್ಮೇಲೆ ಹೊಸ ಲಿಂಗ ಕಟ್ಟಣ, ದೋಷ ಇಲ್ಲ" ಎಂದು ಅವರು ಹೇಳುವುದು ನನಗೂ ಕೇಳಿಸಿತು. ಅತ್ತೆ ಪೂರ್ತಿ ಕೇಳಿಸಿಕೊಂಡು ಫೋನು ಪಕ್ಕಕ್ಕೆ ಸರಿಸಿದರು. "ನಂದು ಇಲ್ಲೇ ಐತೆ. ಬಿಟ್ಟು ಎಲ್ಲಿಗೋಗ್ಲಿ?"

"ಸಾವಿರ ಲಿಂಗ ಐತಲ್ಲವ್ವ ಇಲ್ಲಿ, ಇದನ್ನೇ ನಿಂದು ಅಂದ್ಕೊ" ಎಂದರು ಯಜಮಾನರು, ತೋಚದೆ.

"ಸಾವಿರ ಇದ್ರೂ ನಂಗೆ ಕಟ್ಟಿದ್ದು ಒಂದೇ ಕಣ್ಲಾ."

ಗಾಡಿಗಳು ಇಳಿಯುವ ಹೊತ್ತಾಯಿತು. ಹೊಳೆಯ ಹತ್ತಿರ ಇದ್ದ ಪ್ರವಾಸಿಗರೆಲ್ಲ ಒಬ್ಬೊಬ್ಬರಾಗಿ ಹೊರಟರು. ಅತ್ತೆಯ ತುಟಿ ಒಣಗಿ ಬಿಳಿಚಿಕೊಂಡಿತ್ತು. ಸ್ಫೂರ್ತಿ ಅವರ ಬೆರಳು ಚುಚ್ಚಿ ಸಕ್ಕರೆ ನೋಡಿ, "ಅಮ್ಮ, ತುಂಬ ಕಮ್ಮಿಯಾಗ್ತಿದೆ. ಇನ್ನು ಸ್ವಲ್ಪ ಹೊತ್ತಿಗೆ ಪ್ರಜ್ಞೆ ತಪ್ಪುತ್ತೆ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಹತ್ತಿರದಲ್ಲಿ ಆಸ್ಪತ್ರೆಯಿಲ್ಲ. ಎತ್ತಿಕೊಂಡು ಹೋಗೋಣವೆಂದರೆ ಅತ್ತೆ ಬಂಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಮಾತಿಗೆ ಉತ್ತರ ಕೊಡುವುದನ್ನೂ ಬಿಟ್ಟಿದ್ದರು. ಯಜಮಾನರು ತಾಯಿಯ ಕಾಲ ಬಳಿ ಕೂತು ಅಳುತ್ತಿದ್ದರು. ಅಪ್ಪನ ಸಮಾಧಿಯ ದಿನವೂ ಅವರು ಹಾಗೆ ಅತ್ತಿರಲಿಲ್ಲ.

ನನಗೆ ನೋಡಲಾಗಲಿಲ್ಲ. ಮತ್ತೆ ನೀರಿಗಿಳಿದೆ. ಅತ್ತೆ ಬಗ್ಗಿದ್ದ ಜಾಗಕ್ಕೇ ಹೋಗಿ ನಿಂತೆ. ಅಲ್ಲಿ ನಾವು ಎಷ್ಟು ಸಲ ಹುಡುಕಿದ್ದೆವೋ ಲೆಕ್ಕವಿಲ್ಲ. ಮರಳನ್ನೆಲ್ಲ ಬಾಚಿ ತೆಗೆದು ತಳದ ಬಂಡೆ ಬರಿದಾಗಿ ಕಾಣುತ್ತಿತ್ತು. ಹೊಸದಾಗಿ ಹುಡುಕಲಿಕ್ಕೆ ಏನೂ ಇರಲಿಲ್ಲ. ಆದರೂ ಬಗ್ಗಿ ಎರಡು ಲಿಂಗಗಳ ನಡುವೆ ಕೈಯಿಟ್ಟೆ. ನಾನು ಯಾವ ದೇವರನ್ನೂ ನೆನೆಯಲಿಲ್ಲ. ಮಾವ ಇದ್ದಿದ್ದರೆ ಒಂದು ಚೊಂಬು ನೀರು ತಂದಿಟ್ಟು ಮುಗಿಸಿಬಿಡುತ್ತಿದ್ದರಲ್ಲ ಎಂದುಕೊಂಡೆ, ಅದು ನಿಜ. ಬೆರಳಿಗೆ ಗುಂಡಗೆ ನುಣುಪಾಗಿ ಏನೋ ಸಿಕ್ಕಿತು. ಹಿಡಿದು ಮೇಲೆತ್ತಿದೆ. ಕಪ್ಪು ಲಿಂಗ.

ನೀರು ಚಿಮ್ಮಿಸಿಕೊಂಡು ಓಡಿ ಬಂದು, ಸರಿಯಾಗಿ ನೋಡದೆಯೇ, ಅದನ್ನು ಅತ್ತೆಯ ಅಂಗೈಯಲ್ಲಿಟ್ಟೆ. "ಸಿಕ್ತು ಅತ್ತೆ, ಅಲ್ಲೇ ಇತ್ತು. ಈಗ ನೀರು ಕುಡೀರಿ" ಎಂದೆ. ಅವರು ಸೆರಗಿನಿಂದ ಒರೆಸಿ, ಮುಖದ ಹತ್ತಿರ ಹಿಡಿದರು. ಬುಡ ಮೇಲೆ ಮಾಡಿ ನೋಡಿದರು.

"ಇದೆಲ್ಲಿ ಸಿಕ್ತು ನಿಂಗೆ?"

"ಅಲ್ಲೇ, ನೀವು ಬಗ್ಗಿದ್ದ ಕಡೆ."

"ಇದು ನಂದಲ್ಲ" ಎಂದರು. ಆಮೇಲೆ ಅವರು ಲಿಂಗವನ್ನು ನನ್ನ ಕಡೆ ತಿರುಗಿಸಿದರು. "ನಿಮ್ಮ ಮಾವಂದು ಕಣೇ."

ಬುಡದಲ್ಲಿ ಉಗುರಿನಾಕಾರದ ಕೆಂಪು ಗೆರೆಯಿತ್ತು. ನಾನು ಅದನ್ನು ಬೆರಳಿನಿಂದ ಮುಟ್ಟಿದೆ. ಅರಗು ತುಂಬಿದ ಕಡೆ ಸ್ವಲ್ಪ ಉಬ್ಬಾಗಿ ಕೈಗೆ ಸಿಕ್ಕಿತು. ಅಲ್ಲೇ ಕೂತೆ. ಯಜಮಾನರು ಎದ್ದು ಬಂದು ನೋಡಿದರು. ಅದನ್ನು ಅಪ್ಪನ ಅಂಗೈಯಲ್ಲಿಟ್ಟು ಬೆರಳು ಮಡಿಸಿದವರೇ ಅವರು. ಹಿಂದಕ್ಕೆ ಸರಿದರು, ಇನ್ನೂ ಸರಿದರು, ಗೈಡ್ ಹಿಡಿದುಕೊಳ್ಳದಿದ್ದರೆ ಹೊಳೆಗೆ ಬೀಳುತ್ತಿದ್ದರು. ಅವನು, ಹುಡುಕಿದ್ದು ಸಿಕ್ಕಿತಲ್ಲ, ಇವರೇಕೆ ಹೀಗಾದರು ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ.

ಆ ಹೊತ್ತಿನಲ್ಲಿ ಸಮಾಧಾನವಾಗಿದ್ದವರು ಅತ್ತೆ ಒಬ್ಬರೇ. ಒಬ್ಬರ ಲಿಂಗ ಇನ್ನೊಬ್ಬರು ಪೂಜಿಸುವ ಹಾಗಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದರೂ ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಸೊಂಟದ ಚೀಲದಿಂದ ವಿಭೂತಿ ತೆಗೆದು ಹಚ್ಚಿದರು. ಸ್ಫೂರ್ತಿ ಹಿಡಿದಿದ್ದ ಬಾಟಲಿಯಿಂದ ಎರಡು ಹನಿ ಅದರ ಮೇಲೆ ಬಿಟ್ಟರು. ಕಣ್ಣು ಮುಚ್ಚಿ ಕೂತರು. ಆಮೇಲೆ ಅದೇ ಬಾಟಲಿ ಎತ್ತಿ ಗಟಗಟ ಕುಡಿದರು. ಸ್ಫೂರ್ತಿ ಸಕ್ಕರೆಪುಡಿಯ ಪೊಟ್ಟಣ ಒಡೆದು ಬಾಯಿಗೆ ಹಾಕಿದಳು. ಅದನ್ನೂ ಚಪ್ಪರಿಸಿದರು.

"ಆಗ ಚೊಂಬು ಹಿಡ್ಕಂಡ್ ಬರೋರು" ಎಂದು ಗೊಣಗಿದರು. "ಈಗ ಹಿಂಗೆ ಬಂದವ್ರೆ. ಬುಡು, ಹೋಗನ."

ಉಳಿದ ಪ್ರವಾಸದಲ್ಲಿ ನಾವು ಏನು ನೋಡಿದೆವೋ ನನಗೆ ನೆನಪಿಲ್ಲ. ಫೋಟೊಗಳಿವೆ, ಅವುಗಳಲ್ಲಿ ನಾವು ನಾಲ್ವರೂ ನಗುತ್ತಿದ್ದೇವೆ. ನನ್ನ ತಲೆಯೊಳಗೆ ಮಾತ್ರ ಒಂದೇ ಯೋಚನೆ. ಇದಕ್ಕೊಂದು ಕಾರಣ ಇರಲೇಬೇಕು. ಬೇರೆ ಯಾರೋ ನಮ್ಮ ಕಡೆಯವರು ಅಲ್ಲಿ ಕಳೆದುಕೊಂಡಿರಬಹುದು, ಅವರೂ ಅರಗು ತುಂಬಿಸಿರಬಹುದು. ಅತ್ತೆಯೇ ಗಂಡನ ಲಿಂಗವನ್ನು ಗುಟ್ಟಾಗಿ ಇಟ್ಟುಕೊಂಡಿರಬಹುದೇ ಎಂದೂ ಯೋಚಿಸಿದೆ. ಆದರೆ ಅದರ ಮೇಲೆ ಮಣ್ಣು ಮುಚ್ಚುವುದನ್ನು ಕಂಡವಳು ನಾನೇ. ಆ ದಿನ ಬೆಳಗ್ಗೆ ಅತ್ತೆಯ ಕೈಯಲ್ಲಿ ಅವರ ಚಿಕ್ಕ ಲಿಂಗವಿದ್ದದ್ದನ್ನು ಕಂಡವಳೂ ನಾನೇ. ಮಕ್ಕಳಿಗೆ ಕಣ್ಣಾರೆ ನೋಡಿದ್ದನ್ನು ನಂಬಿ ಎಂದು ಹೇಳಿಕೊಡುವವಳು, ನನ್ನ ಕಣ್ಣನ್ನೇ ಹೇಗೆ ಸುಳ್ಳೆನ್ನಲಿ?

ಮನೆಗೆ ಬಂದ ಮೇಲೆ, ಕೊನೆಯ ಆಸೆಯೊಂದು ಉಳಿದಿತ್ತು. ಮಾವನ ಹಳೆಯ ಕರಡಿಗೆ. ಅತ್ತೆಯ ಟ್ರಂಕಿನಿಂದ ಅದನ್ನು ನಾನೇ ತೆಗೆದೆ. ಹೊಂದದಿದ್ದರೆ ಸಾಕು, ಇದು ಬೇರೆ ಯಾರದೋ ಎಂದು ನಿರಾಳವಾಗಿ ಮಲಗಬಹುದಿತ್ತು. ಅತ್ತೆ ಲಿಂಗವನ್ನು ಒಳಗಿಟ್ಟರು. ಅದು ಚೂರೂ ಅಲುಗಾಡದೆ ಕೂತಿತು. ಬೆಳ್ಳಿ ನೆಗ್ಗಿದ ಜಾಗಕ್ಕೆ ಸರಿಯಾಗಿ ಕೆಂಪು ಗೆರೆ ಬಂತು. ಆ ರಾತ್ರಿ ನಾನು ದೀಪ ಆರಿಸದೆ ಮಲಗಿದೆ.

ಮುಂದಿನ ಸೋಮವಾರ ಅಯ್ಯನವರನ್ನೂ ಕರೆದುಕೊಂಡು ತೋಟಕ್ಕೆ ಹೋದೆವು. ಸಮಾಧಿಯ ಕಟ್ಟೆ ಹೇಗಿತ್ತೋ ಹಾಗೇ ಇತ್ತು. ಒಂದು ಕಲ್ಲು ಸರಿದಿರಲಿಲ್ಲ, ಗಾರೆ ಬಿರಿದಿರಲಿಲ್ಲ. ಅಯ್ಯನವರು ಲಿಂಗವನ್ನು ಬಗ್ಗಿ ನೋಡಿದರು. ಇಂಥದ್ದನ್ನು ತಮ್ಮಪ್ಪನ ಕಾಲದಲ್ಲೂ ಕೇಳಿಲ್ಲ ಎಂದರು. ಅತ್ತೆಗೆ ಹೊಸ ಲಿಂಗ ಕಟ್ಟುವ ಮಾತೆತ್ತಿದರು, ಅತ್ತೆ ಬೇಡವೆಂದರು. "ಇದೇನ್ ಬೇರೇರ್ದಾ?" ಎಂದು ಕೇಳಿದರು.

ನನಗೆ ಮಾತ್ರ ಒಂದೇ ಹಟ. ತಿಳಿಯಲಿಕ್ಕೆ ದಾರಿ ಇದ್ದದ್ದು ಒಂದೇ. ಪಂಪ್‌ಹೌಸಿಗೆ ಹೋಗಿ ಹಾರೆ ತಂದು ಕಟ್ಟೆಗೆ ಒರಗಿಸಿದೆ. ಯಜಮಾನರು ಬೇಡವೆನ್ನಲೂ ಇಲ್ಲ, ಕೈ ಹಾಕಲೂ ಇಲ್ಲ.

ಅತ್ತೆ ಹಾರೆಯನ್ನು ನೋಡಿದರು, ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. "ಅಗೀಬ್ಯಾಡ ಮೇಷ್ಟ್ರಮ್ಮ" ಎಂದರು, ಮಗುವಿಗೆ ಹೇಳುವ ಹಾಗೆ. "ಅವರ ಕೈ ಖಾಲಿ ಇಲ್ಲ. ನಂದು ಅವರತ್ರ ಐತೆ."

ಹಾರೆಯನ್ನು ವಾಪಸು ಇಟ್ಟವಳೂ ನಾನೇ. ಅತ್ತೆ ಹೇಳಿದರೆಂದು ಇಟ್ಟೆನೋ, ಅಗೆದರೆ ಏನು ಕಾಣಬಹುದೆಂಬ ಭಯಕ್ಕೆ ಇಟ್ಟೆನೋ, ಇವತ್ತಿಗೂ ಹೇಳಲಾರೆ. ಖಾಲಿ ಕೈ ಕಂಡರೂ ನನಗೆ ಭಯವೇ, ಖಾಲಿಯಿಲ್ಲದ ಕೈ ಕಂಡರೂ ಭಯವೇ. ಅತ್ತೆ ಈಗಲೂ ದಿನಾ ಬೆಳಗ್ಗೆ ಮಾವನ ಲಿಂಗಕ್ಕೆ ಪತ್ರೆ ಏರಿಸಿ, ಆಮೇಲೆ ಕಾಫಿ ಕೇಳುತ್ತಾರೆ. ನಾನು ಲೋಟ ಕೊಡುವಾಗ ಆ ಕೆಂಪು ಗೆರೆಯ ಕಡೆ ನೋಡದಿರಲು ಪ್ರಯತ್ನಿಸುತ್ತೇನೆ. ತೋಟಕ್ಕೆ ಹೋದಾಗ ಸಮಾಧಿಯ ಪಕ್ಕದಲ್ಲೇ ನಡೆದುಹೋಗಬೇಕು. ಆ ಮಣ್ಣಿನಡಿಯಲ್ಲಿ ನಮ್ಮ ಮಾವನ ಎಡಗೈ ಇದೆ. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ.